ಸಹಾಯ ಬೇಕು: ಟೈಗಾ ಕಾಡಿನ ಈ 25 ವರ್ಷ ಯಾವುದರ ಲೆಕ್ಕ?

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗೆ ಪರಿಸರ ವ್ಯವಸ್ಥೆಯ ಪಾಠ ತಯಾರು ಮಾಡ್ತಾ ಒಂದು ಕಡೆ ಸಿಕ್ಕಿಹಾಕ್ಕೊಂಡಿದೀನಿ. ಸಸ್ಯವಿಜ್ಞಾನ ಓದಿದವರು ಯಾರಾದ್ರೂ ಇದ್ರೆ ದಯವಿಟ್ಟು ನೋಡಿ.

ಪರಿಸರ ವಿಜ್ಞಾನಿ ವಿಟೇಕರ್ ಅವರ 1970ರ ದಶಕದ ಅಂಕಿಗಳನ್ನ ಇಟ್ಕೊಂಡಿದೀನಿ. ಹಳೇವು ನಿಜ, ಆದ್ರೆ ಹೋಲಿಸೋಕೆ ಸುಲಭ. ಚದರ ಮೀಟರಿಗೆ ಒಣ ತೂಕದಲ್ಲಿ, ಉಷ್ಣವಲಯದ ಮಳೆಕಾಡಲ್ಲಿ ಸಸ್ಯಗಳ ಬಯೋಮಾಸ್ (ಆ ಹೊತ್ತಿಗೆ ಅಲ್ಲಿರೋ ಸಸ್ಯಗಳ ಒಟ್ಟು ತೂಕ) 45 ಕೆಜಿ, ವರ್ಷದ ನಿವ್ವಳ ಉತ್ಪಾದನೆ (ಸಸ್ಯಗಳ ಉಸಿರಾಟಕ್ಕೆ ಖರ್ಚಾಗಿ ಉಳಿಯೋ ಹೊಸ ಬೆಳವಣಿಗೆ) 2.2 ಕೆಜಿ. ಸರಿ, ಎರಡೂ ಜಾಸ್ತಿ. ಟೈಗಾದಲ್ಲಿ, ಅಂದ್ರೆ ಉತ್ತರದ ಚಳಿ ಪ್ರದೇಶದ ಸೂಜಿ ಎಲೆ ಕಾಡಲ್ಲಿ, 20 ಕೆಜಿ ಇದ್ದೂ ವರ್ಷಕ್ಕೆ 0.8 ಮಾತ್ರ. ಸವನ್ನಾದಲ್ಲಿ (ಅಲ್ಲಲ್ಲಿ ಮರಗಳಿರೋ ಹುಲ್ಲುಗಾವಲು) ಬರೀ 4 ಕೆಜಿ, ಉತ್ಪಾದನೆ ಮಾತ್ರ 0.9! ತೆರೆದ ಸಾಗರದ್ದಂತೂ ಕೇಳ್ಲೇಬೇಡಿ: ಬಯೋಮಾಸ್ 3 ಗ್ರಾಂ, ವರ್ಷಕ್ಕೆ 125 ಗ್ರಾಂ.

ಸಾಗರದ್ದು ಅರ್ಥ ಆಗುತ್ತೆ. ಸಸ್ಯಪ್ಲವಕಗಳು (ನೀರಲ್ಲಿ ತೇಲೋ ಸೂಕ್ಷ್ಮ ಸಸ್ಯಗಳು) ಬೇಗ ಹುಟ್ಟಿ ಬೇಗ ಯಾರದ್ದೋ ಹೊಟ್ಟೆ ಸೇರ್ತವೆ. ಅಂಗಡೀಲಿ ಸರಕು ಕಡಿಮೆ, ವ್ಯಾಪಾರ ಜೋರು.

ಬಯೋಮಾಸನ್ನ ಉತ್ಪಾದನೆಯಿಂದ ಭಾಗಿಸಿ ನೋಡ್ದೆ. ಟೈಗಾಗೆ 25 ವರ್ಷ, ಸವನ್ನಾಗೆ ನಾಲ್ಕೂವರೆ, ಸಾಗರಕ್ಕೆ ಸುಮಾರು 9 ದಿನ ಬಂತು. ಗೊಂದಲ ಇಲ್ಲೇ. ಟೈಗಾದ ಸ್ಪ್ರೂಸ್ ಮರ ನೂರಾರು ವರ್ಷ ಬದುಕಬಹುದು, ಅದರ ಸೂಜಿ ಎಲೆ ಕೆಲವು ವರ್ಷಕ್ಕೆ ಉದುರುತ್ತೆ, ಸಣ್ಣ ಬೇರುಗಳದ್ದು ಇನ್ನೊಂದು ಲೆಕ್ಕ. ಇವೆಲ್ಲದರ ನಡುವೆ 25 ಎಲ್ಲಿಂದ ಬಂತು? ಬೆಂಕಿ ಬಿದ್ದು ಮತ್ತೆ ಬೆಳೀತಿರೋ ಕಾಡಲ್ಲಿ ಬಯೋಮಾಸ್ ಇನ್ನೂ ಏರ್ತಾನೇ ಇರುತ್ತೆ, ಅದಕ್ಕಂತೂ ಈ ಭಾಗಾಕಾರ ಹೊಂದೋದೇ ಇಲ್ವೇನೋ.

ನನ್ನ ಪ್ರಶ್ನೆ ಇಷ್ಟೇ: ಇದನ್ನ "ಸಸ್ಯದ ಅಂಗಾಂಶ ಸರಾಸರಿ ಉಳಿಯುವ ಕಾಲ" ಅಂತ ಮಕ್ಕಳಿಗೆ ಹೇಳಬಹುದಾ, ಅಥವಾ ಕಾಂಡ, ಎಲೆ, ಬೇರು ಬೇರೆ ಬೇರೆಯಾಗೇ ಲೆಕ್ಕ ಹಾಕ್ಬೇಕಾ?