ಅಪ್‌ಡೇಟ್: ಕಾಳುಮೆಣಸಿನ ಮಿಲ್ ತಗೊಂಡೆ

ಮಡಿಕೇರಿ ಮಳೆಗಾಲಕ್ಕೆ ಕೈಯಲ್ಲಿ ತಿರುಗಿಸಿ ಪುಡಿ ಮಾಡುವ ಮಿಲ್‌ನಲ್ಲಿ ಸ್ಟೀಲ್ ಹಲ್ಲಿನದು (ಮೆಣಸು ಅರೆಯುವ ಭಾಗ) ಒಳ್ಳೆಯದಾ, ಸೆರಾಮಿಕ್ ಹಲ್ಲಿನದಾ ಅಂತ ಕೇಳಿದ್ದೆ. ತುಕ್ಕು ಹಿಡಿಯುವುದಿಲ್ಲ ಅಂತ ಹೆಚ್ಚಿನವರು ಸೆರಾಮಿಕ್ ಅಂದಿರಿ. ಅದನ್ನೇ ತಗೊಂಡೆ, ಗಾಜಿನ ಡಬ್ಬಿಯದು. ಜುಲೈನಲ್ಲಿ ನಮ್ಮ ಕಡೆ ಮರದ ಸಾಮಾನಿಗೆಲ್ಲ ಬೂಷ್ಟು ಹಿಡಿಯುತ್ತದೆ, ಗೊತ್ತಲ್ವಾ?

ಹಲ್ಲು ಮೇಲ್ಗಡೆ ಇರುವುದು ಜಾಸ್ತಿ ಅನುಕೂಲ. ಇಟ್ಟ ಜಾಗದಲ್ಲಿ ಪುಡಿ ಉದುರುವುದಿಲ್ಲ. ಆದರೆ ಕುದಿಯುವ ಪಾತ್ರೆ ಮೇಲೆ ಹಿಡಿದು ತಿರುಗಿಸಬೇಡಿ. ಹಬೆ ಒಳಗೆ ಹೋದರೆ ಪುಡಿ ಹಲ್ಲಿಗೆ ಅಂಟಿ ಗಟ್ಟಿಯಾಗುತ್ತದೆ. ತಟ್ಟೆಗೆ ಪುಡಿ ಮಾಡಿಕೊಂಡು ಆಮೇಲೆ ಹಾಕುವುದೇ ವಾಸಿ.

ಮೆಣಸು ಚೆನ್ನಾಗಿ ಒಣಗಿರಬೇಕು. ಒಂದು ಕಾಳು ಕಚ್ಚಿ ನೋಡಿ, ಟಕ್ಕಂತ ಒಡೆಯಬೇಕು. ಮೆತ್ತಗಿದ್ದರೆ ಯಾವ ಮಿಲ್ಲೂ ಅರೆಯುವುದಿಲ್ಲ. ಪಣಿಯೂರು ತಳಿಯ ದಪ್ಪ ಕಾಳಿಗೆ ಹಲ್ಲು ಬಿಗಿ ಮಾಡುವ ತಿರುಪು ಸ್ವಲ್ಪ ಸಡಿಲ ಮಾಡಿ. ಡಬ್ಬಿ ತುಂಬಾ ತುಂಬಿಡಬೇಡಿ, ವಾರಕ್ಕಾಗುವಷ್ಟು ಸಾಕು.

ಆಮ್ಲೆಟ್‌ಗೆ, ಸಾರಿಗೆ ಘಮ ಬೇರೆಯೇ ಬರುತ್ತದೆ. ಪಂದಿಕರಿಗೆ (ನಮ್ಮ ಕೊಡಗಿನ ಹಂದಿ ಮಾಂಸದ ಅಡುಗೆ) ಮಾತ್ರ ಇದು ಆಗದ ಮಾತು. ಅಷ್ಟು ಮೆಣಸು ಕೈಯಲ್ಲಿ ತಿರುಗಿಸುತ್ತಾ ಕೂತರೆ ತೋಳು ಬಿದ್ದೇ ಹೋಗುತ್ತದೆ! ಹುರಿದು ಮಿಕ್ಸಿಗೆ ಹಾಕಿದರಾಯಿತು.

ಉಪ್ಪಿಗೂ ಒಂದು ಮಿಲ್ ಬೇಕಾ ಅಂತ ಕೇಳಿದವರಿಗೆ: ಇಲ್ಲಿ ಮಳೆಗಾಲದಲ್ಲಿ ಕಲ್ಲುಪ್ಪು ನೀರೊಡೆಯುತ್ತದೆ. ಸುಮ್ನೆ ದುಡ್ಡು ದಂಡ.