ಅಪ್ಪನ ಕ್ಯಾಮೆರಾದ ಸ್ಕ್ರೂ ತಲೆ ಸವೆದಿದೆ, ಒಳ್ಳೆಯ ಸಣ್ಣ ಸ್ಕ್ರೂಡ್ರೈವರ್ ಯಾವುದು ತಗೊಳ್ಳಲಿ?

ತೀರ್ಥಹಳ್ಳಿ ಕಡೆಯವಳು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ. ಅಪ್ಪನದು ಒಂದು ಪೆಂಟ್ಯಾಕ್ಸ್ ಕೆ1000 ಕ್ಯಾಮೆರಾ ಇದೆ. ನನ್ನ ನಾಮಕರಣದಿಂದ ಹಿಡಿದು ಅಕ್ಕನ ಮದುವೆವರೆಗೆ ಮನೆಯ ಫೋಟೋ ಎಲ್ಲ ಅದರಲ್ಲೇ ತೆಗೆದದ್ದು. ಅಪ್ಪ ತೀರಿಕೊಂಡು ಎರಡು ವರ್ಷ ಆಯ್ತು. ಈ ಮಳೆಗಾಲದಲ್ಲಿ ಕಪಾಟಿನಿಂದ ತೆಗೆದು ನೋಡಿದೆ. ಶಟರ್ ಚೆನ್ನಾಗಿಯೇ ಬೀಳುತ್ತದೆ. ಬೆಳಕು ಅಳೆಯುವ ಲೈಟ್ ಮೀಟರಿನ ಮುಳ್ಳು ಮಾತ್ರ ಅಲ್ಲಾಡುವುದಿಲ್ಲ. ತಳದ ಸೆಲ್ ಮುಚ್ಚಳವನ್ನು ನಾಣ್ಯ ಹಾಕಿ ತಿರುಗಿಸಿದರೆ ಒಳಗೆಲ್ಲ ಹಸಿರು ಪುಡಿ. ಸೆಲ್ ಸೋರಿ ಒಳಗಿನ ತಂತಿ ತಿಂದುಹಾಕಿರಬೇಕು. ತಳದ ತಗಡು ಬಿಚ್ಚಿದರೆ ಹೊಸ ತಂತಿ ಬೆಸುಗೆ ಹಾಕಬಹುದು. ಬೆಸುಗೆ ನನಗೆ ಬರುತ್ತದೆ, ಡಿಪ್ಲೊಮಾದಲ್ಲಿ ಎಲೆಕ್ಟ್ರಾನಿಕ್ಸ್ ಓದಿದ್ದೇನೆ.

ಅದಕ್ಕೆ ಅಂತ 115 ಪೀಸಿನ ಸೆಟ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ, 399 ರೂಪಾಯಿಗೆ. ಉಳಿದ ಸ್ಕ್ರೂಗಳು ಹೇಗೋ ಬಂದವು. ಒಂದು ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ತುದಿ ಎರಡು ಸಲ ಜಾರಿತು. ಮೂರನೇ ಸಲ ಕರ್ರ್ ಅಂತ ಶಬ್ದ ಬಂತು, ನನ್ನ ಎದೆ ಧಸಕ್ ಅಂತು. ಸ್ಕ್ರೂ ತಲೆಯ ಪ್ಲಸ್ ಗುರುತಿನ ಎರಡು ಮೂಲೆ ಸವೆದಿವೆ. ಅಪ್ಪನ ವಸ್ತುವನ್ನು ನಾನೇ ಹಾಳು ಮಾಡಿದೆ ಅಂತ ಆವತ್ತು ಊಟ ಸೇರಲಿಲ್ಲ.

ಒಂದೂವರೆ ಸಾವಿರದವರೆಗೆ ಕೊಡಬಲ್ಲೆ. ಇದೊಂದೇ ಅಲ್ಲ, ಲ್ಯಾಪ್‌ಟಾಪಿನ ಹಿಂಜ್ ಸಡಿಲ ಆಗಿದೆ, ಅಮ್ಮನ ಕನ್ನಡಕದ ಸ್ಕ್ರೂ ವಾರಕ್ಕೊಮ್ಮೆ ಬೀಳುತ್ತದೆ. ಯಾವುದು ತಗೊಳ್ಳಲಿ? ಆ ಸ್ಕ್ರೂವನ್ನು ಹೇಗೆ ತೆಗೆಯಲಿ?

ಸಾಗರದ ರಿಪೇರಿಯವನು

ತಂಗಿ, ಮೊದಲು ಆ ಸ್ಕ್ರೂವನ್ನು ಮುಟ್ಟುವುದು ನಿಲ್ಲಿಸಿ. ಎರಡು ಮೂಲೆ ಉಳಿದಿವೆಯಲ್ಲ, ಅಷ್ಟು ಸಾಕು. ಅದು ಬರುತ್ತದೆ.

ನಾನು ಇಪ್ಪತ್ತನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿ ಇದ್ದೇನೆ. ರೇಡಿಯೋ, ವಾಚು, ಕ್ಯಾಮೆರಾ, ಈಗ ಹೆಚ್ಚಾಗಿ ಮೊಬೈಲು. ಶುರುವಿನಲ್ಲಿ ನಾನೂ ಪ್ಲಸ್ ಅಂದರೆ ಎಲ್ಲ ಒಂದೇ ಪ್ಲಸ್ ಅಂದುಕೊಂಡಿದ್ದೆ. ಗಿರಾಕಿಯೊಬ್ಬರ ಜಪಾನ್ ಕ್ಯಾಮೆರಾದ ಮೇಲಿನ ಸ್ಕ್ರೂ ಹೀಗೇ ಸವೆಸಿದೆ. ದುಡ್ಡು ತಗೊಳ್ಳದೆ ವಾಪಸ್ ಕೊಟ್ಟೆ, ಅವರು ಏನೂ ಅನ್ನಲಿಲ್ಲ. ಆದರೆ ಆ ಸ್ಕ್ರೂ ತಲೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಸೆಟ್ಟಿನಲ್ಲಿರುವ ಪ್ಲಸ್ ಫಿಲಿಪ್ಸ್ ಜಾತಿಯದು. ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದದ್ದು. ಅದರ ರೆಕ್ಕೆಗಳು ಇಳಿಜಾರು. ಜೋರಾಗಿ ತಿರುಗಿಸಿದರೆ ಆ ಇಳಿಜಾರೇ ತುದಿಯನ್ನು ಮೇಲಕ್ಕೆ ತಳ್ಳುತ್ತದೆ. ನಿಮ್ಮ ಕ್ಯಾಮೆರಾದಲ್ಲಿರುವುದು ಜಪಾನಿನ ಪ್ಲಸ್, ಜೆಐಎಸ್ ಅನ್ನುತ್ತಾರೆ, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ್ದು. ಬರಿಗಣ್ಣಿಗೆ ಎರಡೂ ಒಂದೇ. ಆದರೆ ಜೆಐಎಸ್ ಡ್ರೈವರಿನ ಮೂತಿ ಸ್ವಲ್ಪ ಮೊಂಡು, ರೆಕ್ಕೆಗಳ ನಡುವಿನ ಮೂಲೆ ಚೂಪು. ಫಿಲಿಪ್ಸ್ ತುದಿಯಲ್ಲಿ ಆ ಮೂಲೆ ಗುಂಡಗೆ, ಮೂತಿ ಉದ್ದ. ಜಪಾನ್ ಸ್ಕ್ರೂಗೆ ಫಿಲಿಪ್ಸ್ ಹಾಕಿದರೆ ಮೂತಿ ಮೊದಲು ತಳ ಮುಟ್ಟುತ್ತದೆ, ರೆಕ್ಕೆಗಳು ಗೋಡೆಗೆ ಸರಿಯಾಗಿ ಕೂರುವುದೇ ಇಲ್ಲ. ಕೂತಿದೆ ಅನ್ನಿಸುತ್ತದೆ, ತಿರುಗಿಸಿದಾಗ ಜಾರುತ್ತದೆ. ಅದು ನಿಮ್ಮ ಕೈಯ ತಪ್ಪಲ್ಲ ತಂಗಿ.

ತಿರುವುಮುರುವಾಗಿ ಮಾಡಿದರೆ ತೊಂದರೆ ಇಲ್ಲ. ಜೆಐಎಸ್ ತುದಿ ಫಿಲಿಪ್ಸ್ ಸ್ಕ್ರೂಗೆ ಚೆನ್ನಾಗಿಯೇ ಕೂರುತ್ತದೆ. ಹಾಗಾಗಿ ನಾನು ಮೇಜಿನ ಮೇಲೆ ಇಟ್ಟುಕೊಂಡಿರುವುದು ಜೆಐಎಸ್ ಮಾತ್ರ. ಕೆಲವು ಜಪಾನ್ ಸ್ಕ್ರೂಗಳ ತಲೆಯ ಮೇಲೆ ಸಣ್ಣ ಚುಕ್ಕಿ ಒತ್ತಿರುತ್ತಾರೆ, ಬೈಕುಗಳಲ್ಲಿ ನೋಡಿರುತ್ತೀರಿ. ಕ್ಯಾಮೆರಾದ ಸಣ್ಣ ಸ್ಕ್ರೂಗಳಲ್ಲಿ ಚುಕ್ಕಿ ಇಲ್ಲದಿದ್ದರೂ ಜೆಐಎಸ್ ಅಂತಲೇ ತಿಳಿಯಿರಿ.

ಕೊಳ್ಳುವ ವಿಷಯ. ಸೆಟ್ ಬೇಡ. ಜಪಾನಿನ ವೆಸೆಲ್ ಕಂಪನಿಯದು ಹಿಡಿ ಸಮೇತ ಬರುವ ಡ್ರೈವರ್ 00 ಸೈಜಿನದು ಒಂದು, 0 ಸೈಜಿನದು ಒಂದು ತಗೊಳ್ಳಿ, 00 ಅಂದರೆ ಸಣ್ಣದು. ಹಿಡಿಯ ತಲೆಯಲ್ಲಿ ತಿರುಗುವ ಟೊಪ್ಪಿ ಇರಬೇಕು. ಅಂಗೈಯನ್ನು ಅದರ ಮೇಲೆ ಒತ್ತಿಟ್ಟು ಬೆರಳಲ್ಲಿ ತಿರುಗಿಸಬೇಕು. ಹತ್ತು ಪಾಲು ಬಲದಲ್ಲಿ ಏಳು ಪಾಲು ಒತ್ತುವುದಕ್ಕೆ, ಮೂರು ಪಾಲು ಮಾತ್ರ ತಿರುಗಿಸುವುದಕ್ಕೆ. ಹೊಸಬರು ಇದನ್ನೇ ಉಲ್ಟಾ ಮಾಡುತ್ತಾರೆ. ಯಾವ ಸ್ಕ್ರೂಗೂ ದೊಡ್ಡ ಸೈಜಿನಿಂದ ಶುರು ಮಾಡಿ, ಹಿಡಿಯದಿದ್ದರೆ ಕೆಳಗಿಳಿಯಿರಿ. ಸಣ್ಣದು ಸುಲಭವಾಗಿ ಒಳಗೆ ಹೋಗುತ್ತದೆ ಅಂತ ಅದರಿಂದಲೇ ಶುರು ಮಾಡಿದರೆ ಮೂಲೆ ತಿನ್ನುತ್ತದೆ.

ಸರಿಯಾಗಿ ಕೂತಿದೆಯಾ ಅಂತ ತಿಳಿಯಲು ನಾನು ಮಾಡುವುದು ಇಷ್ಟೇ. ಡ್ರೈವರ್ ಇಟ್ಟು, ಹಿಡಿಯ ಕೊನೆಯನ್ನು ಒಂದು ಬೆರಳಲ್ಲಿ ಅತ್ತಿತ್ತ ಅಲ್ಲಾಡಿಸುತ್ತೇನೆ. ಒಳ್ಳೆಯ ತುದಿ ಆದರೆ ಹಲಸಿನ ಮೇಣಕ್ಕೆ ಅಂಟಿದ ಹಾಗೆ ನಿಲ್ಲುತ್ತದೆ. ಲಟಲಟ ಅಂದರೆ ತಿರುಗಿಸುವುದಿಲ್ಲ.

ಲ್ಯಾಪ್‌ಟಾಪಿಗೆ ಬೇಕಾದರೆ ಮುಂದೆ 4 ಮಿಲಿಮೀಟರ್ ಬಿಟ್‌ಗಳ, ಅಂದರೆ ಒಂದೇ ಹಿಡಿಗೆ ಬದಲಿಸಿ ಸಿಕ್ಕಿಸುವ ತುದಿಗಳ, ಸಣ್ಣ ಸೆಟ್ ತಗೊಳ್ಳಿ. ಇಪ್ಪತ್ತು ಬಿಟ್ ಇದ್ದರೆ ಜಾಸ್ತಿಯೇ ಆಯ್ತು. ಒಂದು ಮಾತು ನೆನಪಿಡಿ, ಬಿಟ್ ಹಿಡಿಯುವ ಕೋಲು ದಪ್ಪ ಇರುತ್ತದೆ. ಆಳವಾದ ತೂತಿನೊಳಗೆ ಸ್ಕ್ರೂ ಇದ್ದರೆ ಅದು ಒಳಗೇ ಹೋಗುವುದಿಲ್ಲ. ಅಲ್ಲಿ ಹಿಡಿ ಸಮೇತ ಬರುವ ಉದ್ದ ಡ್ರೈವರೇ ಬೇಕು. ಅಂಗಡಿಯಲ್ಲಿ 'ಸ್ಟಾರ್ ಕೊಡಿ' ಅನ್ನಬೇಡಿ. ನಮ್ಮ ಕಡೆ ಪ್ಲಸ್ಸಿಗೂ ಸ್ಟಾರ್ ಅನ್ನುತ್ತಾರೆ, ಆರು ಮೂಲೆಯ ಟಾರ್ಕ್ಸ್‌ಗೂ ಸ್ಟಾರ್ ಅನ್ನುತ್ತಾರೆ. ಟಾರ್ಕ್ಸ್ ಬೇಕಾದರೆ ಟಿ5, ಟಿ6 ಅಂತ ನಂಬರ್ ಹೇಳಿ. ಐಫೋನಿನ ಐದು ಎಸಳಿನ ಪೆಂಟಾಲೋಬ್ ನಿಮಗೆ ಸದ್ಯಕ್ಕೆ ಬೇಡ.

ಅಮ್ಮನ ಕನ್ನಡಕಕ್ಕೆ ಒಂದು ಸಣ್ಣ ಮೈನಸ್. ತುದಿ ಬೆಣೆ ಹಾಗೆ ಇಳಿಜಾರಾಗಿರಬಾರದು, ಎರಡೂ ಮಗ್ಗುಲು ಸಮಾನಾಂತರ ಇರಬೇಕು. ಗಾಡಿಗೆ ಅಡ್ಡ ಇಟ್ಟ ಬೆಣೆ ಎದ್ದು ಬರುವ ಹಾಗೆ ಇಳಿಜಾರು ತುದಿ ಗೀರಿನಿಂದ ಎದ್ದು ಬರುತ್ತದೆ.

ಭದ್ರಾವತಿ ನಿವೃತ್ತ ಫಿಟ್ಟರ್

ಸಾಗರದವರು ಆಕಾರದ ಮಾತು ಹೇಳಿದ್ದಾರೆ. ನಾನು ಉಕ್ಕಿನ ಮಾತು ಹೇಳುತ್ತೇನಮ್ಮ. ಭದ್ರಾವತಿಯಲ್ಲಿ ಟೂಲ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು.

ಡಬ್ಬಿ ಮೇಲೆ 'ಎಸ್2' ಅಂತ ಬರೆದಿರುತ್ತಾರೆ, 'ಸಿಆರ್-ವಿ' ಅಂತ ಬರೆದಿರುತ್ತಾರೆ. ಎಸ್2 ಅಂದರೆ ಪೆಟ್ಟು ತಡೆಯುವ ಉಕ್ಕು, ಅದರಲ್ಲಿ ಸಿಲಿಕಾನ್ ಇರುತ್ತದೆ. ಸಿಆರ್-ವಿ ಅಂದರೆ ಕ್ರೋಮಿಯಂ, ವನೇಡಿಯಂ ಸೇರಿದ್ದು. ಸಣ್ಣ ತುದಿಗೆ ಎಸ್2 ಒಳ್ಳೆಯದು. ಆದರೆ ಹೆಸರು ನೋಡಿ ಮೋಸ ಹೋಗಬೇಡಿ. ಉಕ್ಕು ಒಂದೇ ಆದರೂ ಅದನ್ನು ಕಾಯಿಸಿ ಅದ್ದಿ ಹದ ಮಾಡುವುದರಲ್ಲಿ ಎಲ್ಲ ಇದೆ. ಸರಿಯಾಗಿ ಹದ ಮಾಡಿದ ಎಸ್2 ತುದಿ, ಗಟ್ಟಿತನ ಅಳೆಯುವ ರಾಕ್‌ವೆಲ್ ಅಳತೆಯಲ್ಲಿ, 58ರಿಂದ 62 ಇರುತ್ತದೆ. ಗಟ್ಟಿತನ ಕಮ್ಮಿ ಆದರೆ ಬೆಣ್ಣೆ ಹಾಗೆ ತಿರುಚಿಕೊಳ್ಳುತ್ತದೆ. ಜಾಸ್ತಿ ಆದರೆ ಕಡಲೆ ಹಾಗೆ ಚಟ್ ಅಂತ ಮುರಿಯುತ್ತದೆ.

ನಿಮ್ಮ ಹಳೆ ಸೆಟ್ಟಿನ ಒಂದು ಬಿಟ್ ತೆಗೆದು, ಸಣ್ಣ ಅರ ಇಟ್ಟು ಮೆಲ್ಲಗೆ ಒಂದು ಸಲ ಎಳೆಯಿರಿ. ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಉಕ್ಕು ಗಟ್ಟಿ. ಕಚ್ಚಿ ಪುಡಿ ಬಂದರೆ ಮೆತ್ತಗಿನದು. ಆಮೇಲೆ ಭೂತಗನ್ನಡಿಯಲ್ಲಿ ತುದಿ ನೋಡಿ. ಹೊಳೆಯುವ ಲೇಪ ದಪ್ಪ ಇದ್ದರೆ ಮೂಲೆಗಳೆಲ್ಲ ಗುಂಡಾಗಿರುತ್ತವೆ. ಒಳ್ಳೆಯ ತುದಿಗೆ ಥಳಥಳ ಇರುವುದಿಲ್ಲ, ಕಡೆದ ಗುರುತು ಕಾಣುತ್ತದೆ.

ಹೊಸನಗರದ ಬೈಕ್ ಮೆಕ್ಯಾನಿಕ್

ಅಣ್ಣಂದಿರು ಹೇಳಿದ್ದು ಸರಿ, ಆದರೆ ಮನೆ ಕೆಲಸಕ್ಕೆ ಇಷ್ಟೆಲ್ಲ ಬೇಕಾ? ನಾನು ತಪಾರಿಯಾ ಕಂಪನಿಯ ಡ್ರೈವರ್ ಇಟ್ಟುಕೊಂಡು ಇಷ್ಟು ವರ್ಷ ದುಡಿದಿದ್ದೇನೆ. ಶಿವಮೊಗ್ಗದ ಗಾಂಧಿಬಜಾರಿನಲ್ಲಿ ಸಿಗುತ್ತದೆ, ಹಾಳಾದರೆ ಮರುದಿನವೇ ಇನ್ನೊಂದು ತರಬಹುದು. ಜಪಾನಿನದು ಆನ್‌ಲೈನ್‌ನಲ್ಲಿ ತರಿಸಿ ವಾರಗಟ್ಟಲೆ ಕಾಯಬೇಕು.

ಮತ್ತೊಂದು, ನಮ್ಮ ಕಡೆ ಡ್ರೈವರ್ ಹಾಳಾಗುವುದು ಕೆಲಸದಿಂದಲ್ಲ, ತುಕ್ಕಿನಿಂದ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಗೋಡೆಯೇ ಬೆವರುತ್ತದೆ. ಸೆಟ್ಟಿನ ಜೊತೆ ಬರುವ ಸ್ಪಂಜ್ ಇದೆಯಲ್ಲ, ಅದು ನೀರು ಹೀರಿಕೊಂಡು ಕೂರುತ್ತದೆ. ಬಿಟ್ ಅದರೊಳಗೇ ತುಕ್ಕು ಹಿಡಿದು ಕೆಂಪಾಗುತ್ತದೆ. ಸ್ಪಂಜ್ ಕಿತ್ತು ಬಿಸಾಕಿ. ಹೊಲಿಗೆ ಮಿಷನ್ ಎಣ್ಣೆ ತಾಗಿಸಿದ ಬಟ್ಟೆಯಲ್ಲಿ ಒರೆಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ. ಒಲೆ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಅಲ್ಲಿಡಬೇಡಿ, ಹೊಗೆ ಕೂರುತ್ತದೆ.

ಸಾಗರದ ರಿಪೇರಿಯವನು

ತುಕ್ಕಿನ ಮಾತು ನೂರಕ್ಕೆ ನೂರು ನಿಜ ತಮ್ಮ. ಸ್ಪಂಜಿನ ವಿಷಯ ನಾನು ಹೇಳಬೇಕಿತ್ತು, ಮರೆತೆ. ತಪಾರಿಯಾ ಬಗ್ಗೆಯೂ ನನಗೆ ದೂರಿಲ್ಲ, ಸ್ವಿಚ್ ಬೋರ್ಡು, ಮಿಕ್ಸಿ, ಬಾಗಿಲ ಚಿಲಕಕ್ಕೆ ನಾನೂ ಅದನ್ನೇ ಬಳಸುತ್ತೇನೆ. ಆದರೆ ಇಲ್ಲಿ ಇರುವುದು ಜಪಾನ್ ಸ್ಕ್ರೂ. ಅದೂ ಅರ್ಧ ಸವೆದದ್ದು, ಅವರ ಅಪ್ಪನದು. ಇಲ್ಲಿ ಒಂದು ವಾರ ಕಾದರೂ ಅಡ್ಡಿಯಿಲ್ಲ.

ತಂಗಿ, ಈಗ ಸ್ಕ್ರೂ ತೆಗೆಯುವುದು ಹೇಗೆ ಅಂತ ಕೇಳಿ. ಹೊಸ ಡ್ರೈವರ್ ಬಂದ ಮೇಲೆ, ಮರದ ಕಡ್ಡಿಯ ತುದಿಯಲ್ಲಿ ಸ್ಕ್ರೂ ತಲೆಯೊಳಗಿನ ಕೊಳೆ ಎಲ್ಲ ತೆಗೆಯಿರಿ. ಕೊಳೆ ಇದ್ದರೆ ತುದಿ ತಳ ಮುಟ್ಟುವುದಿಲ್ಲ. ಬೆಸುಗೆ ಕಡ್ಡಿಯನ್ನು (ಸೋಲ್ಡರಿಂಗ್ ಐರನ್) ಕಾಯಿಸಿ ಸ್ಕ್ರೂ ತಲೆಗೆ ಮಾತ್ರ ಹತ್ತು ಸೆಕೆಂಡ್ ಮುಟ್ಟಿಸಿ, ಪಕ್ಕದ ಬಣ್ಣಕ್ಕೆ ತಾಗಬಾರದು. ಸ್ಕ್ರೂವಿನ ಎಳೆಗೆ (ಸುತ್ತುಗೀರಿಗೆ) ಅಂಟು ಹಾಕಿದ್ದರೆ ಅದು ಮೆತ್ತಗಾಗುತ್ತದೆ. ಆಮೇಲೆ ಡ್ರೈವರ್ ನೆಟ್ಟಗೆ ನಿಲ್ಲಿಸಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡುವ ಕಡೆಗೇ ತಿರುಗಿಸಿ. ಟಕ್ ಅಂತ ಬಿಟ್ಟದ್ದು ಕೈಗೆ ಗೊತ್ತಾಗುತ್ತದೆ. ಆಗ ಬಿಚ್ಚಿ. ತುಕ್ಕು ಬಿಡಿಸುವ ಡಬ್ಲ್ಯುಡಿ-40 ಸ್ಪ್ರೇ ಸಿಂಪಡಿಸಬೇಡಿ, ಅದು ಹರಿದು ಶಟರ್ ಒಳಗೆ ಸೇರುತ್ತದೆ.

ಡ್ರೈವರಿಗೆ ಅಯಸ್ಕಾಂತ ಹಿಡಿಸಿಕೊಳ್ಳುವ ಆಸೆ ಬಂದರೆ ಈ ಕ್ಯಾಮೆರಾ ಮುಗಿಯುವವರೆಗೆ ತಡೆಯಿರಿ. ಮೀಟರಿನ ಮುಳ್ಳು ಓಡುವುದೇ ಒಳಗಿನ ಸಣ್ಣ ಸುರುಳಿ, ಅಯಸ್ಕಾಂತದ ಮೇಲೆ. ಹತ್ತಿರ ಬಲವಾದ ಅಯಸ್ಕಾಂತ ತರಬಾರದು. ಮೆಕ್ಯಾನಿಕಲ್ ವಾಚಿಗೂ ಇದೇ ಮಾತು. ಹಸಿರು ಪುಡಿಗೆ ಬಿಳಿ ವಿನೆಗರ್ ಒದ್ದೆ ಮಾಡಿದ ಕಿವಿಕಡ್ಡಿ ಸಾಕು.

ತೀರ್ಥಹಳ್ಳಿ ಕಡೆಯವಳು

ಸಾಗರದಣ್ಣ, ಫಿಟ್ಟರ್ ಸರ್, ಹೊಸನಗರದವರೇ, ಸ್ಕ್ರೂ ಬಂತು!

ಡ್ರೈವರ್ ಬರಲು ಹನ್ನೆರಡು ದಿನ ಹಿಡಿಯಿತು. ಹಳೆ ಸೆಟ್ಟಿನ ಬಿಟ್ಟಿಗೆ ಅರ ಎಳೆದು ನೋಡಿದೆ, ಪುಡಿ ಬಂತು. ಭೂತಗನ್ನಡಿಯಲ್ಲಿ ಎರಡೂ ತುದಿ ಪಕ್ಕಪಕ್ಕ ಇಟ್ಟೆ. ನನ್ನದರ ರೆಕ್ಕೆಗಳು ಒಂದೇ ಕಡೆಗೆ ತಿರುಚಿಕೊಂಡಿವೆ, ಫ್ಯಾನಿನ ರೆಕ್ಕೆ ಹಾಗೆ. ಹೊಸದನ್ನು ಸ್ಕ್ರೂ ಮೇಲೆ ಇಟ್ಟು ಬೆರಳಲ್ಲಿ ಅಲ್ಲಾಡಿಸಿದರೆ ಕ್ಯಾಮೆರಾವೇ ಜೊತೆಗೆ ಅಲ್ಲಾಡಿತು. ಬಿಗಿ ಮಾಡುವ ಕಡೆ ತಿರುಗಿಸಿದಾಗ ಟಕ್ ಅಂದದ್ದು ಅಮ್ಮನಿಗೂ ಕೇಳಿಸಿತು.

ತಂತಿ ಪೂರ್ತಿ ಹಸಿರಾಗಿತ್ತು, ಮುಟ್ಟಿದರೆ ಪುಡಿ. ಹೊಸದು ಬೆಸೆದು ಸೆಲ್ ಹಾಕಿ, ಕಿಟಕಿಯಿಂದ ತೋಟದ ಕಡೆ ಹಿಡಿದೆ. ಮೋಡ ಇತ್ತು, ಆದರೂ ಮುಳ್ಳು ಮೆಲ್ಲಗೆ ಎದ್ದಿತು. ಅಮ್ಮ ನೋಡಿ ಸುಮ್ನೆ ಒಳಗೆ ಹೋದರು, ಸ್ವಲ್ಪ ಹೊತ್ತಿಗೆ ಕಾಫಿ ತಂದರು.

ಸವೆದ ಸ್ಕ್ರೂವನ್ನೇ ವಾಪಸ್ ಹಾಕಲು ಮನಸ್ಸಿಲ್ಲ. ಅಣ್ಣ, ನಿಮ್ಮಲ್ಲಿ ಕೆಟ್ಟುಹೋದ ಕೆ1000 ಬಾಡಿ ಏನಾದರೂ ಇದ್ದರೆ ತಳದ ಒಂದು ಸ್ಕ್ರೂ ಸಿಗಬಹುದಾ?

ಸಾಗರದ ರಿಪೇರಿಯವನು

ಇದೆ ತಂಗಿ. ಎರಡು ತೆಗೆದಿಟ್ಟಿದ್ದೇನೆ, ಒಂದು ಕೈಜಾರಿ ಬಿದ್ದರೂ ಇನ್ನೊಂದು ಇರಲಿ. ವಿಳಾಸ ಬೇರೆಯಾಗಿ ಕಳಿಸಿ, ಅಂಚೆಗೆ ಹಾಕುತ್ತೇನೆ. ದುಡ್ಡು ಬೇಡ.