ಬಹುಸಂಸ್ಕೃತಿ ಆಪ್ತಸಮಾಲೋಚನೆ: ಎಂ.ಎ. ನಂತರ ಯಾವ ದಾರಿ?

ಪ್ರಶ್ನೆ (ವಿದ್ಯಾರ್ಥಿನಿ, ಧಾರವಾಡ):
ನಾನು ಮನಃಶಾಸ್ತ್ರದ ಎಂ.ಎ. ಕೊನೆಯ ವರ್ಷದಲ್ಲಿದ್ದೇನೆ. ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಕಲಬುರಗಿ, ರಾಯಚೂರು, ಬಿಹಾರ, ಒಡಿಶಾಗಳಿಂದ ಬಂದವರ ನಡುವೆ ಆಪ್ತಸಮಾಲೋಚಕಿಯಾಗಬೇಕೆಂಬುದು ನನ್ನ ಆಸೆ. ಕನ್ನಡ ಮತ್ತು ಹಿಂದಿ ಮಾತ್ರ ಬಲ್ಲ ನನಗೆ ಇದು ಸಾಧ್ಯವೇ? ಮೊದಲು ಯಾವ ಅರ್ಹತೆ ಪಡೆಯಬೇಕು?

ಉತ್ತರ 1 (ಕ್ಲಿನಿಕಲ್ ಸೈಕಾಲಜಿಸ್ಟ್, ಬೆಂಗಳೂರು):
ಆಪ್ತಸಮಾಲೋಚಕಿ ಮತ್ತು ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಮನಶ್ಚಿಕಿತ್ಸೆ ನೀಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಒಂದೇ ಅಲ್ಲ ಎಂಬುದನ್ನು ಮೊದಲು ಗಮನಿಸಿ. ಎರಡನೆಯದಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ನಿರ್ದಿಷ್ಟ ಅರ್ಹತೆಯನ್ನು ಕೇಳುತ್ತದೆ. ಬಹುಕಾಲ ನಿಮ್ಹಾನ್ಸ್‌ನಂಥ ಸಂಸ್ಥೆಗಳ ಎರಡು ವರ್ಷದ ಎಂ.ಫಿಲ್. ಆ ದಾರಿಯಾಗಿತ್ತು, ಈಗ ಕೋರ್ಸುಗಳು ಬದಲಾಗುತ್ತಿರುವುದರಿಂದ, ಸೇರುವ ಮುನ್ನ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೀವೇ ಪರಿಶೀಲಿಸಿ.

ಭಾಷೆಯ ವಿಚಾರದಲ್ಲಿ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ತರಬೇತಿಯ ದಿನಗಳಲ್ಲಿ ಲಂಬಾಣಿ ಮಾತನಾಡುವ ಮಹಿಳೆಯೊಬ್ಬರು ಬಂದಾಗ, ಜೊತೆಗಿದ್ದ ಮೈದುನನನ್ನೇ ದುಭಾಷಿಯಾಗಿ ಕೂರಿಸಿಕೊಂಡೆ. ಆಕೆ ಐದು ನಿಮಿಷ ಮಾತನಾಡಿದರೂ ಆತ ಹೇಳಿದ್ದು "ನಿದ್ದೆ ಬರೋದಿಲ್ಲವಂತೆ" ಎಂದಷ್ಟೇ. ಮುಂದಿನ ವಾರ ಅದೇ ಭಾಷೆಯ ಆಶಾ ಕಾರ್ಯಕರ್ತೆಯೊಬ್ಬರು ನೆರವಾದಾಗಲೇ ಮನೆಯಲ್ಲಿ ಬೀಳುತ್ತಿದ್ದ ಹೊಡೆತದ ವಿಷಯ ಹೊರಬಂತು. ಹತ್ತು ಭಾಷೆ ಕಲಿಯುವುದಕ್ಕಿಂತ, ಮನೆಯವರಲ್ಲದ ದುಭಾಷಿಯೊಡನೆ ಕೆಲಸ ಮಾಡುವುದನ್ನು ಕಲಿಯುವುದೇ ಮುಖ್ಯವೆಂದು ಅಂದು ತಿಳಿದೆ.

ಉತ್ತರ 2 (ಮನಃಶಾಸ್ತ್ರ ಅಧ್ಯಾಪಕ, ಮೈಸೂರು):
ಮೇಲಿನ ಮಾತನ್ನು ಒಪ್ಪುತ್ತೇನೆ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ, 2013ರಲ್ಲಿ ಬಂದ ಅಮೆರಿಕದ ಕೈಪಿಡಿ ಡಿಎಸ್‌ಎಂ-5ರಲ್ಲಿ ಸಾಂಸ್ಕೃತಿಕ ಹಿನ್ನೆಲೆಯನ್ನು ಅರಿಯಲು 16 ಪ್ರಶ್ನೆಗಳ ಸಂದರ್ಶನವೊಂದಿದೆ. ಅದನ್ನು ಕನ್ನಡದಲ್ಲಿ ಕೇಳಿ ಅಭ್ಯಾಸ ಮಾಡಿ. ಈ ತೊಂದರೆಯನ್ನು ಮನೆಯವರಿಗೆ, ಸ್ನೇಹಿತರಿಗೆ ಹೇಳುವಾಗ ಏನೆಂದು ಹೇಳುತ್ತೀರಿ ಎಂಬ ಪ್ರಶ್ನೆ ಅದರಲ್ಲಿ ನನಗೆ ಬಹಳ ಇಷ್ಟ. ಒಬ್ಬರು "ಎದೆ ಭಾರ" ಎನ್ನುತ್ತಾರೆ, ಇನ್ನೊಬ್ಬರು "ಗಾಳಿ ಸೋಕಿದೆ" ಎನ್ನುತ್ತಾರೆ. ಆ ಮಾತನ್ನು ಅವಸರದಿಂದ ಖಿನ್ನತೆ ಎಂದು ಬರೆದುಕೊಂಡರೆ, ಅವರು ದೇವಸ್ಥಾನಕ್ಕೋ ದರ್ಗಾಕ್ಕೋ ಹೋಗಿ ಬಂದ ಕಥೆಯನ್ನು ನಿಮ್ಮ ಮುಂದೆ ಮತ್ತೆ ಎತ್ತುವುದಿಲ್ಲ.

ಉತ್ತರ 3 (ಸ್ವಯಂಸೇವಾ ಸಂಸ್ಥೆಯ ಸಮಾಲೋಚಕಿ, ಬೆಂಗಳೂರು):
ಸಂಬಳದ ಬಗ್ಗೆಯೂ ತಿಳಿದಿರಲಿ. ಕಾರ್ಮಿಕರ ನಡುವಿನ ನನ್ನ ಕೆಲಸವೆಲ್ಲ ಯೋಜನೆಯ ಅನುದಾನದಿಂದಲೇ ನಡೆದಿದೆ. ಅನುದಾನ ನಿಂತಾಗ ಸಂಬಳವೂ ನಿಂತಿದೆ. ಆದ್ದರಿಂದ ವಾರದಲ್ಲಿ ಎರಡು ದಿನ ಖಾಸಗಿ ಕ್ಲಿನಿಕ್ಕಿನಲ್ಲಿ ಕೂರುತ್ತೇನೆ. ನಮ್ಮ ಕಾರ್ಮಿಕರು ಮಾತಿಗೆ ಸಿಗುವುದು ಭಾನುವಾರ. ಅಂದು ಶೆಡ್ಡಿನ ಬಳಿ ಒಮ್ಮೆ ಬಂದು ಕುಳಿತು ನೋಡಿ, ನಂತರ ಅರ್ಜಿ ಹಾಕುವಿರಂತೆ. ನಿಮಗೆ ಅರ್ಥವಾಗದ ಭಾಷೆಯವರಿಗೆ 14416 ಸಂಖ್ಯೆಯನ್ನು ಕೊಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಈ ಮಾನಸಿಕ ಆರೋಗ್ಯ ಸಹಾಯವಾಣಿಯು ಹಲವು ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ದೊರೆಯುತ್ತದೆ.